ನಿಂತಂತೆಯೇ ಇಳಿಯುವವಳು

ಮಾರನಹಳ್ಳಿ ದಾಟಿ ಘಾಟಿಯ ಕಡೆಗೆ ಸ್ವಲ್ಪ ದೂರ ಇಳಿದ ಬಸ್ಸು, ಅಂಗಡಿ ಮನೆ ಯಾವುದೂ ಇಲ್ಲದ ಕಡೆ ನಿಂತಿತು. ನಿಂತದ್ದಷ್ಟೇ ಅಲ್ಲ, ಡ್ರೈವರ್ ಇಂಜಿನ್ನನ್ನೂ ಆರಿಸಿದ. ಅಲ್ಲಿಯವರೆಗೆ ಗಾಜುಗಳನ್ನು ನಡುಗಿಸುತ್ತಿದ್ದ ಸದ್ದು ಒಮ್ಮೆಲೇ ಕಳಚಿ ಬಿದ್ದು, ಅದರ ಜಾಗದಲ್ಲಿ ಕಿಟಕಿಯಾಚೆಯ ಮಂಜು ಒಳಗೆ ಬಂದು ಕುಳಿತ ಹಾಗಾಯಿತು. ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ಮಗುವಿನ ಬಾಯಿಗೆ ಅದರ ತಾಯಿ ಅಂಗೈ ಒತ್ತಿದಳು. ಎಲ್ಲರೂ ರಸ್ತೆಯ ಮೇಲ್ಭಾಗಕ್ಕೆ ಕಿವಿಗೊಟ್ಟು ಕುಳಿತರು.

ಉದ್ದನೆಯ ಚೀಲವೊಂದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡಿದ್ದ ಮೇಘಾ, ಪಕ್ಕದಲ್ಲಿದ್ದ ಕಂಡಕ್ಟರನನ್ನು ಕೇಳಿದಳು: "ಬಸ್ ಕೆಟ್ಟೋಯ್ತಾ?"

ಅವನು ತುಟಿಯ ಮೇಲೆ ಬೆರಳಿಟ್ಟ. ಇಂಜಿನ್ ಮತ್ತೆ ಶುರುವಾಗಿ ಬಸ್ಸು ತೆವಳತೊಡಗಿದ ಮೇಲಷ್ಟೇ ಬಾಯಿ ಬಿಟ್ಟ.

"ಕೆಟ್ಟಿಲ್ಲ ಕಣ್ರೀ ಮೇಡಂ. ಅಮ್ಮ ಇಳೀತಾ ಅವ್ಳಾ ಅಂತ ಕೇಳಿಸ್ಕಬೇಕು. ಸದ್ದು ಬಂದ್ರೆ ಅವಳು ಹೋಗೋಗಂಟ ನಿಲ್ಲಬೇಕು. ಹಾರನ್ ಮಾತ್ರ ಹೊಡೆಯಂಗೇ ಇಲ್ಲ."

"ಯಾವ ಅಮ್ಮ?"

"ತಿರುವಿನಮ್ಮ. ನೀವು ಈ ಕಡೆಯೋರಲ್ಲ ಅಂತ ಕಾಣ್ತದೆ. ಹಸಿರು ಸೀರೆ ಉಟ್ಕಂಡು ನಿಂತಂಗೇ ಬತ್ತಾಳೆ. ಕಾಲು ಎತ್ತಿಡಕಿಲ್ಲ, ಕೈ ಬೀಸಕಿಲ್ಲ. ಹಿಂಗೆ..." ಟಿಕೆಟ್ಟಿನ ಕಂತೆ ಹಿಡಿದ ಕೈಯನ್ನು ಸೀಟಿನ ಬೆನ್ನಿನ ಮೇಲೆ ಜಾರಿಸಿ ತೋರಿಸಿದ. "ಜೊತೆಗೆ ಕಬ್ಬಿಣ ಕಿರುಚ್ದಂಗೆ ಒಂದ್ ಸದ್ದು. ತಿರುವು ದಾಟಿದ್ಲು ಅಂದ್ರೆ ಇಲ್ಲ."

"ನೀವು ನೋಡಿದೀರಾ?"

"ಅಯ್ಯೋ, ನಾನು ನೋಡಿದ್ರೆ ಇಲ್ಲಿ ನಿಂತು ನಿಮಗೆ ಟಿಕೆಟ್ ಹರೀತಿದ್ನಾ? ನಮ್ ಬಸವರಾಜಣ್ಣ ನೋಡವ್ನೆ, ಲಾರಿ ಓಡಿಸೋ ಕಾಲದಾಗೆ. ಲಾರಿ ಅಲ್ಲೇ ಬುಟ್ಟು ಘಾಟಿ ಬುಡದ ಗಂಟ ಓಡ್ಬುಟ್ಟಿದ್ದ."

"ಪಂಚೆ ಎಲ್ಲಿ ಬಿತ್ತು ಅಂತ ಇವತ್ತಿಗೂ ಗೊತ್ತಿಲ್ಲ ಕಣೋ ನಂಜುಂಡ, ಅದನ್ನೂ ಹೇಳ್ಬುಡು," ಎಂದ ಡ್ರೈವರ್, ರಸ್ತೆಯಿಂದ ಕಣ್ಣು ತೆಗೆಯದೆ. ಮುಂದಿನ ಸೀಟುಗಳಲ್ಲಿ ನಗು ಎದ್ದಿತು. ಮೇಘಾ ಕೂಡ ನಕ್ಕಳು. ಆಮೇಲೆ ಡ್ರೈವರನ ಬೆನ್ನಿನ ಕಡೆ ನೋಡಿದಳು. ಮಂಜಿನಲ್ಲಿ ಪಂಚೆ ಕಳಚಿಕೊಂಡು ಓಡುತ್ತಿದ್ದ ಆ ಬೆನ್ನನ್ನು ಅವಳು ನೋಡಿದ್ದಳು.

ಆಗ ಅವಳಿಗೆ ಹದಿನಾರು. ಊರು ಅವಳನ್ನು ಗಂಡೆಂದು ಎಣಿಸಿ ಶಿವು ಎಂದು ಕರೆಯುತ್ತಿತ್ತು. ಅಪ್ಪ ಕುಳ್ಳಯ್ಯ ರಸ್ತೆ ರಿಪೇರಿಯ ಗ್ಯಾಂಗಿನವನು. ಗ್ಯಾಂಗಿನ ಲೈನ್ ಮನೆ ಈ ತಿರುವಿನಿಂದ ಕೂಗಳತೆ. ಬಾಳ್ಳುಪೇಟೆಯ ಗ್ಯಾರೇಜಿನಲ್ಲಿ ಎಸೆದಿದ್ದ ಲಾರಿಯ ಹಳೆಯ ಬೇರಿಂಗುಗಳನ್ನು ತಂದು, ಹಲಸಿನ ಹಲಗೆಗೆ ಚಕ್ರವಾಗಿ ಬಡಿದು, ಅವಳು ಒಂದು ಗಾಡಿ ಮಾಡಿಕೊಂಡಿದ್ದಳು. ಬೇರೆ ಮಕ್ಕಳು ಅಂಥ ಗಾಡಿಯ ಮೇಲೆ ಕುಳಿತು ಜಾರುತ್ತಿದ್ದರು. ಅವಳು ನಿಂತಳು. ಬೆಳಕು ಇನ್ನೂ ಬೆಳಕೆಂದು ಗೊತ್ತಾಗದ ಹೊತ್ತಿನಲ್ಲಿ, ಹಗ್ಗದ ಮೇಲೆ ಒಣಹಾಕಿದ ಅವ್ವನ ಹಸಿರು ಸೀರೆಯನ್ನು ಉಟ್ಟು, ನೆರಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಘಾಟಿಯ ಇಳಿಜಾರಿಗೆ ತನ್ನನ್ನು ಒಪ್ಪಿಸಿಬಿಡುತ್ತಿದ್ದಳು. ಇಡೀ ದಿನದಲ್ಲಿ ಅವಳು ಅವಳಾಗಿರುತ್ತಿದ್ದದ್ದು ಆ ಅಷ್ಟು ಹೊತ್ತು ಮಾತ್ರ. ಮಂಜು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಎದುರಿಗೆ ಲಾರಿಯೊಂದು ಕಿರುಚಿ ನಿಂತಿತು. ಅವಳನ್ನು ಹೆಣ್ಣೆಂದು ಕಂಡ ಮೊದಲ ಮನುಷ್ಯ ಹೆದರಿ ಓಡಿಹೋದ. ಆ ದಿನವೆಲ್ಲ ಅವಳು ಯಾರಿಗೂ ಕಾಣದಂತೆ ಸಂತೋಷಪಟ್ಟಿದ್ದಳು.

ಮರುವರ್ಷ ಅಪ್ಪನ ಕಣ್ಣಿಗೆ ಎಲ್ಲವೂ ಬಿತ್ತು. ಸೌದೆಯಲ್ಲಿ ಹೊಡೆದ, ಹಲಗೆಯನ್ನು ಕಣಿವೆಗೆ ಎಸೆದ. ಅವ್ವ ಬಾಗಿಲಲ್ಲಿ ನಿಂತಿದ್ದಳು, ನಿಂತೇ ಇದ್ದಳು. ಆ ಸಂಜೆ ಮೇಘಾ ಮಂಗಳೂರಿನ ಲಾರಿಯೊಂದನ್ನು ಹತ್ತಿದಳು. ಅಲ್ಲಿಂದ ಗೋವಾ. ಕಡಲ ಹಳ್ಳಿಯೊಂದರ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಅಲ್ಲಿ ಬಿಳಿಯ ಹುಡುಗರು ಕಾಂಕ್ರೀಟಿನಲ್ಲಿ ಬಟ್ಟಲಿನಂಥ ಗುಳಿ ಕಟ್ಟಿಕೊಂಡು ಚಕ್ರದ ಹಲಗೆಯ ಮೇಲೆ ಆಡುತ್ತಿದ್ದರು. ಅದನ್ನು ಸ್ಕೇಟ್‌ಬೋರ್ಡ್ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು, ಅದರ ಮೇಲೆ ನಿಂತು ಎಲ್ಲರನ್ನೂ ಬೆರಗುಗೊಳಿಸಿದ ಮೇಲೆ. ಬೆಟ್ಟದ ರಸ್ತೆಗಳಲ್ಲಿ ಅದನ್ನೇರಿ ಇಳಿಯುವ ಪಂದ್ಯಗಳಿವೆ, ಅದೇ ಕಸುಬಾದವರಿದ್ದಾರೆ ಎಂದು ಅವರು ಹೇಳಿದರು, ಕರೆದುಕೊಂಡೂ ಹೋದರು. ಯೂರೋಪಿನ ಮೊದಲ ಪಂದ್ಯದಲ್ಲಿ ಹೆಂಗಸರ ಸಾಲಿನಿಂದ ಅವಳನ್ನು ಹೊರಗೆ ಕರೆದರು. ಗಂಡಸರ ಸಾಲಿನಲ್ಲಿ ನಿಲ್ಲಲು ಅವಳು ಒಪ್ಪಲಿಲ್ಲ. ಪಂದ್ಯ ಮುಗಿದು ಜನ ಚದುರಿದ ಮೇಲೆ, ಖಾಲಿ ರಸ್ತೆಯಲ್ಲಿ ಒಬ್ಬಳೇ ಇಳಿದಳು. ನೋಡಿದ ಒಬ್ಬಿಬ್ಬರಲ್ಲಿ ಚಕ್ರ ತಯಾರಿಸುವ ಸಣ್ಣ ಕಂಪನಿಯವನೊಬ್ಬನಿದ್ದ. ಅಲ್ಲಿಂದ ಮುಂದೆ ಅದೇ ಅನ್ನವಾಯಿತು. ಎಲ್ಲರಿಗೂ ತೆರೆದ ಪಂದ್ಯಗಳಲ್ಲಿ ಅವಳು ಗೆದ್ದಳು. ಅವಳ ಹೆಸರಿನ ಹಲಗೆಗಳು ಅಂಗಡಿಗಳಲ್ಲಿ ತೂಗಿದವು. ದೇಹವೂ ನಿಧಾನವಾಗಿ, ಆಸ್ಪತ್ರೆಗಳ ನೋವನ್ನು ಹಾದು, ಅವಳದೇ ಆಯಿತು. ಅಪ್ಪ ತೀರಿಕೊಂಡ ಸುದ್ದಿ ತಡವಾಗಿ ತಲುಪಿದಾಗ ಅವಳಿಗೆ ಬೇಕೆನಿಸಿದ್ದು ಒಂದೇ. ಅವ್ವ ಒಮ್ಮೆ ತನ್ನನ್ನು ನೋಡಬೇಕು; ಇದ್ದ ಹಾಗೆ, ಹಗಲಿನಲ್ಲಿ, ಮುಟ್ಟಿ.

"ತಿರುವಲ್ಲೇ ಇಳಿಸಿ," ಎಂದಳು.

"ಹರಕೆನಾ? ಇಳೀರಿ, ಇಳೀರಿ. ಪೂಜೆಯಮ್ಮ ಅಲ್ಲೇ ಇರ್ತಾಳೆ," ಎಂದ ನಂಜುಂಡ. "ಹುಲಿಯಮ್ಮ ಅಂತ. ಗ್ಯಾಂಗ್ ಕುಳ್ಳಯ್ಯನ ಹೆಂಡ್ತಿ."

ಬಸ್ಸು ಮಂಜಿನಲ್ಲಿ ಕರಗಿದ ಮೇಲೂ ಅವಳು ಇಳಿದಲ್ಲೇ ನಿಂತಿದ್ದಳು. ತಿರುವಿನ ಹೊರಬದಿಯ ಮರಗಳ ಕೆಳಗೆ ಹೆಂಗಸರು ನಿಂತಿದ್ದರು. ಹತ್ತಾರು ಹೆಂಗಸರು, ಸಾಲಾಗಿ, ಎಲ್ಲರೂ ಹಸಿರು, ಯಾರಿಗೂ ಮುಖವಿಲ್ಲ. ಹತ್ತಿರ ಹೋದಾಗ ಅವು ಕೊಂಬೆಗಳಿಗೆ ಕಟ್ಟಿದ ಸೀರೆಗಳಾದವು. ಕೆಲವು ಹೊಸವು, ಕೆಲವು ಬಿಸಿಲು ಮಳೆಗೆ ಬಣ್ಣ ಕಳೆದುಕೊಂಡು ನೆನಪಿನಷ್ಟೇ ಹಸಿರಾಗಿ ಉಳಿದವು. ಅವುಗಳ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುವೆ ತಗಡಿನ ಮಾಡು, ಮಾಡಿನಡಿ ಕುಂಕುಮ ಮೆತ್ತಿದ ಕಲ್ಲು, ಕಲ್ಲಿನ ಮುಂದೆ ಬತ್ತಿ ಹೊಸೆಯುತ್ತ ಕುಳಿತ ಮುದುಕಿ.

"ಸೀರೆ ತಂದಿದೀಯೇನವ್ವ?" ಎಂದಳು ಮುದುಕಿ, ತಲೆಯೆತ್ತದೆ.

"ಇಲ್ಲ."

"ನಿಂಬೆಹಣ್ಣಾದ್ರೂ?"

"ಏನೂ ತಂದಿಲ್ಲ. ನಾನು ಅಷ್ಟೇ ಬಂದಿರೋದು. ಅವ್ವಾ..."

ಬತ್ತಿ ಹೊಸೆಯುವ ಕೈ ನಿಂತಿತು. ಹುಲಿಯಮ್ಮ ಮುಖವೆತ್ತಿ ನೋಡಿದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ, ಅದೇ ಭಯಂಕರವಾಗಿತ್ತು. ಬದಲಾದ ಕೂದಲನ್ನಾಗಲಿ, ಮುಖವನ್ನಾಗಲಿ, ಎದೆಯನ್ನಾಗಲಿ ಪ್ರಶ್ನಿಸದೆ ಆ ಕಣ್ಣುಗಳು ನೇರವಾಗಿ ಒಳಗೆ ಬಂದು ಶಿವುವನ್ನು ಮುಟ್ಟಿದವು. ಆಮೇಲೆ ಅವಳು ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದಳು.

"ಬಂದ್ಯಾ ತಾಯಿ," ಎಂದಳು. "ಹಗಲೊತ್ನಾಗೆ ಬಂದ್ಯಾ."

"ಏಳು ಅವ್ವ, ಏನಿದು, ಏಳು." ಮೇಘಾ ಬಗ್ಗಿ ಎತ್ತಲು ಹೋದಳು. ಹುಲಿಯಮ್ಮ ಹಾವು ಕಂಡವಳಂತೆ ಹಿಂದಕ್ಕೆ ಸರಿದಳು.

"ಮುಟ್ಬೇಡ ತಾಯಿ! ಮುಟ್ಟಿದ್ರೆ ಹೊಂಟೋಗ್ತೀಯ. ಕನಸಿನಾಗೆ ಬಂದಾಗೆಲ್ಲ ಮುಟ್ಟಿ ಮುಟ್ಟಿ ಕಳ್ಕಂಡಿವ್ನಿ."

"ನಾನು ಸತ್ತಿಲ್ಲ ಕಣವ್ವ."

"ಹೂಂ ತಾಯಿ."

"ತಾಯಿ ಅನ್ಬೇಡ. ನಿನ್ ಮಗು ನಾನು. ಈಗ ಮೇಘಾ ಅಂತ ಹೆಸರು. ಆವಾಗ ಈ ರೋಡಲ್ಲಿ ಇಳೀತಿದ್ದಿದ್ದೂ ನಾನೇ. ಹಲಗೆ ಮೇಲೆ, ನಿನ್ ಹಸಿರು ಸೀರೆ ಉಟ್ಕಂಡು. ದೆವ್ವ ಅಲ್ಲ, ದೇವ್ರೂ ಅಲ್ಲ."

"ಗೊತ್ತು," ಎಂದಳು ಹುಲಿಯಮ್ಮ. "ಸೀರೆ ಅಂಚಿನಾಗೆ ಗ್ರೀಸು ಆಗಿರ್ತಿತ್ತು. ನಿಮ್ಮಪ್ಪನ ಕಣ್ಣಿಗೆ ಬೀಳಬಾರದು ಅಂತ ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ಒಗೀತಿದ್ದೆ. ಒಂದ್ ದಿನ ಮೈಯಾಗೆ ಆಗಲಿಲ್ಲ, ಒಗೀಲಿಲ್ಲ. ಅವತ್ತೇ ಅವರು ನೋಡ್ಬುಟ್ರು."

ಮೇಘಾ ಅವಳೆದುರು ನೆಲಕ್ಕೆ ಕುಳಿತಳು. ಅಷ್ಟು ವರ್ಷ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡ ಗುಟ್ಟಿನ ಇನ್ನೊಂದು ತುದಿಯನ್ನು ಅವ್ವ ಹಿಡಿದುಕೊಂಡಿದ್ದಳು.

"ಗೊತ್ತಿದ್ಮೇಲೆ ಯಾಕವ್ವ ಈ ಕಲ್ಲು, ಈ ಪೂಜೆ?"

"ನೀ ಇರೋಗಂಟ ಇಳೀತಿದ್ದೋಳು ನೀನು," ಎಂದಳು ಹುಲಿಯಮ್ಮ, ತುಂಬ ಮೆಲ್ಲಗೆ, ತಪ್ಪು ತಿದ್ದುವವಳ ಹಾಗೆ. "ನೀ ಹೋದ್ಮ್ಯಾಲೂ ಇಳಿದ್ಯಲ್ಲ. ಮೂರನೇ ದಿನಕ್ಕೇ ಬಂದೆ. ಅವತ್ತು ಗೊತ್ತಾಯ್ತು, ಸತ್ತೋಗ್ಬುಟ್ಟೆ ಅಂತ. ಆ ಕಣಿವೆಯೆಲ್ಲ ಹುಡುಕ್ದೆ. ಹೆಣ ಸಿಗಲಿಲ್ಲ. ಕಲ್ಲು ತಂದು ಇಟ್ಕಂಡೆ."

ಮಧ್ಯಾಹ್ನ ಅವಳು ಪಕ್ಕದ ಗುಡಿಸಲಿನಲ್ಲಿ ಎಲೆ ಹಾಸಿ, ಅನ್ನ, ಸೊಪ್ಪಿನ ಸಾರು, ಹುರಿದ ಒಣಮೀನು ಬಡಿಸಿದಳು. ಶಿವುಗೆ ಒಣಮೀನು ಇಷ್ಟವಾಗಿತ್ತು. ಬಡಿಸಿ, ಧೂಪ ಹಾಕಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆಯಿಟ್ಟು ಬಾಗಿಲು ಮುಚ್ಚುವ ಹಾಗೆ. ಉಣ್ಣುವಾಗ ಬದುಕಿದವರ ಕಣ್ಣು ಬೀಳಬಾರದು. ಮೇಘಾ ಕತ್ತಲಲ್ಲಿ, ಧೂಪದ ಹೊಗೆಯಲ್ಲಿ ಒಬ್ಬಳೇ ಕುಳಿತಳು. ಉಣ್ಣದೆ ಎದ್ದರೆ ಅವ್ವನಿಗೆ ಸಂಕಟ. ಉಂಡರೆ ಸತ್ತವಳು ಉಂಡ ಹಾಗೆ. ಹಸಿವಾಗಿತ್ತು. ಉಂಡಳು. ಕೊನೆಯ ತುತ್ತಿನ ಹೊತ್ತಿಗೆ, ತನ್ನ ಬೆರಳುಗಳು ಅನ್ನವನ್ನು ಮುಟ್ಟುತ್ತಿವೆಯೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂದು, ಎಲೆಯನ್ನು ಗಟ್ಟಿಯಾಗಿ ಒತ್ತಿ ನೋಡಿದಳು.

ಹೊರಗಿನಿಂದ ಕೆಮ್ಮು ಕೇಳಿಸಿತು. ಬಾಗಿಲು ತೆರೆಯಿತು. ಖಾಲಿ ಎಲೆಯನ್ನು ಕಂಡು ಹುಲಿಯಮ್ಮನ ಮುಖ ಅರಳಿತು. "ಪೂರ್ತಿ ಉಂಡವ್ಳೆ," ಎಂದು ತನಗೆ ತಾನೇ ಹೇಳಿಕೊಂಡಳು.

ಇಳಿಜಾರಿನ ಮೇಲ್ತುದಿಯಲ್ಲಿ ಲಕ್ಕಯ್ಯನ ಟೀ ಅಂಗಡಿ. ಕುಳ್ಳಯ್ಯನ ಜೊತೆ ಗ್ಯಾಂಗಿನಲ್ಲಿದ್ದವನು, ಈಗ ಮುದುಕ. ಮೇಘಾ ತಾನು ಯಾರೆಂದು ಹೇಳಿದಾಗ ಅವನು ಟೀ ಲೋಟವನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು ದೂರ ಸರಿದ. ಅವಳು ಕುಡಿದು, ಬಾಯಿ ಸುಟ್ಟುಕೊಂಡು, ಬೈದ ಮೇಲೆ ಹತ್ತಿರ ಬಂದ.

"ಅಯ್ಯೋ ಮಾರಾಯ್ತಿ! ನಿನ್ ಹೆಸರು ಹೇಳ್ಕಂಡು ಇಷ್ಟು ವರ್ಷ ಟೀ ವ್ಯಾಪಾರ ಮಾಡ್ಕಂಡಿವ್ನಿ. ಈಗ ನೀನು ಬದುಕಿದೀನಿ ಅಂತ ಬಂದ್ರೆ ನನ್ ಗತಿ?"

"ಅವ್ವನಿಗೆ ನೀನಾದ್ರೂ ಹೇಳು ಲಕ್ಕಯ್ಯಣ್ಣ."

"ಕುಳ್ಳಯ್ಯ ನಿನ್ನನ್ನ ಮನೆಯಾಗೆ ಇರಗೊಡಲಿಲ್ಲ. ಸತ್ತೆ ಅಂತಿದ್ದಂಗೆ ಹಾಸನದಿಂದ ಕಾರು ಮಾಡ್ಕಂಡು ಬಂದು ಕೈ ಮುಗೀತಾರೆ. ಏನಂತ ಹೇಳಲಿ ನಾನು?" ಅವನು ಒಲೆಯ ಕಡೆ ತಿರುಗಿದ. ಬೇರೆಯೇ ದನಿಯಲ್ಲಿ ಹೇಳಿದ: "ಹೋದ ಆಷಾಢದಾಗೆ ನಾನೂ ನೋಡ್ದೆ ಕಣವ್ವ. ಈ ಕಣ್ಣಿಂದ. ಅಂಗಡಿ ಮುಂದೇ ಹೋದ್ಲು. ಆವಾಗ ನೀನೆಲ್ಲಿದ್ದೆ?"

"ಆಸ್ಟ್ರಿಯಾ ಅಂತ ಒಂದು ದೇಶ. ಅಲ್ಲಿ."

"ಹಂಗಾರೆ ಅದ್ಯಾರು?"

ಮೇಘಾ ಚೀಲದ ಜಿಪ್ಪನ್ನು ಎಳೆದು ಹಲಗೆ ತೋರಿಸಿದಳು; ಬೆಳಿಗ್ಗೆ ತಾನು ಇಳಿಯುವಷ್ಟು ಹೊತ್ತು ಮೇಲಿನಿಂದ ಗಾಡಿಗಳು ಬರದಂತೆ ತಡೆಯಬೇಕೆಂದು ಕೇಳಿದಳು. ಹಗಲಿನ ಬೆಳಕಿನಲ್ಲಿ, ಅವ್ವನ ಕಣ್ಣೆದುರು ಇಳಿದು ನಿಂತರೆ ಅವಳು ನಂಬಲೇಬೇಕು.

"ಅಮ್ಮನಿಗೆ ಅಂದ್ರೆ ಲಾರಿಯೋರು ಸಾಯಂಕಾಲ ಗಂಟ ಬೇಕಾದ್ರೂ ನಿಲ್ತಾರೆ," ಎಂದ ಲಕ್ಕಯ್ಯ. "ನಿಂಗೆ ಅಂದ್ರೆ ಬಾಯಿಗೆ ಬಂದಂಗೆ ಬೈತಾರೆ. ಅಮ್ಮನಿಗೇ ಅಂತೀನಿ. ಕೆಳಗಿಂದ ಬರೋರು ಹೆಂಗೂ ತಿರುವಿನ ಕೆಳಗೇ ನಿಂತು ಕಿವಿ ಕೊಡ್ತಾರೆ."

ಹುಲಿಯಮ್ಮನಿಗೆ ಹೇಳಿದಾಗ ಅವಳು ತಲೆದೂಗಿದಳು. "ಇಳಿ ತಾಯಿ. ಯಾವತ್ತೂ ನೋಡ್ತೀನಲ್ಲ." ಮೇಘಾ ಮಲಗುವ ಮೊದಲು ಹುಲಿಯಮ್ಮ ಕೊಂಬೆಯ ಮೇಲಿಂದ ಹೊಸ ಸೀರೆಯೊಂದನ್ನು ಬಿಡಿಸಿ ತಂದು, ಅವಳನ್ನು ಮುಟ್ಟದೆ, ಕಾಲಬುಡದಲ್ಲಿಟ್ಟಳು.

"ಸೀರೆ ಉಟ್ರೆ ನೀನು ಅವಳನ್ನೇ ನೋಡ್ತೀಯ," ಎಂದಳು ಮೇಘಾ. "ಬೇಡ."

ಬೆಳಗಾದಾಗ ಮಂಜು ಕಣಿವೆಯಿಂದ ಮೇಲೆದ್ದು ರಸ್ತೆಯನ್ನು ಅಲ್ಲಲ್ಲಿ ಅಳಿಸಿತ್ತು. ಮೇಘಾ ಪಂದ್ಯದ ಚರ್ಮದ ಉಡುಪು ತೊಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಲಕ್ಕಯ್ಯನ ಅಂಗಡಿಯ ಮುಂದೆ ಹಲಗೆಯ ಮೇಲೆ ಒಂದು ಕಾಲಿಟ್ಟಳು. ಹಿಂದೆ ಎರಡು ಲಾರಿಗಳು ಇಂಜಿನ್ ಆರಿಸಿ ನಿಂತಿದ್ದವು. ಡ್ರೈವರುಗಳು ಕೆಳಗಿಳಿದು, ಚಪ್ಪಲಿ ಬಿಟ್ಟು, ಅವಳ ಕಡೆ ನೋಡದೆ ಕೈಮುಗಿದಿದ್ದರು. ಮೂರು ಸಲ ನೆಲವನ್ನು ಒದ್ದಳು. ಆಮೇಲೆ ಒದೆಯುವ ಅಗತ್ಯವಿರಲಿಲ್ಲ.

ರಸ್ತೆ ಅವಳನ್ನು ಗುರುತು ಹಿಡಿಯಿತು. ಡಾಂಬರು ಎಷ್ಟು ಸಲ ಬದಲಾಗಿದ್ದರೂ ಬೆಟ್ಟದ ಇಳುಕಲು ಅದೇ ಆಗಿತ್ತು. ಎಲ್ಲಿ ಎಡಕ್ಕೆ ವಾಲಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದನ್ನು ಮಂಡಿಗಳು ಹೇಳಿಕೊಟ್ಟವು. ಅವಳು ಬಗ್ಗಿ, ಕೈಗಳನ್ನು ಬೆನ್ನಿಗೆ ಕಟ್ಟಿ, ಗಾಳಿಯಲ್ಲಿ ಒಂದು ಸೀಳಾದಳು. ಈಗಿನ ಚಕ್ರಗಳು ಮೆತ್ತನೆಯವು. ಅವು ಕಿರುಚುವುದಿಲ್ಲ, ನಿದ್ದೆಯಲ್ಲಿರುವವರ ಉಸಿರಿನಂಥ ಒಂದು ಗುಂಯ್ ಮಾತ್ರ. ಆದ್ದರಿಂದ, ಹಿಂದಿನಿಂದ ಬಂದ ಸದ್ದು ತನ್ನದಲ್ಲವೆಂದು ಅವಳಿಗೆ ಕೂಡಲೇ ತಿಳಿಯಿತು.

ಕಬ್ಬಿಣ. ಡಾಂಬರಿನ ಮೇಲೆ ಉಜ್ಜುವ, ಎಣ್ಣೆ ಕಾಣದ ಬೇರಿಂಗು. ಮೊದಲು ದೂರ, ಆಮೇಲೆ ಹತ್ತಿರ, ಆಮೇಲೆ ಬೆನ್ನಿನ ಹಿಂದೆಯೇ, ಅವಳ ವೇಗದಲ್ಲೇ. ಇಳಿಯುವವರು ಹಿಂತಿರುಗಿ ನೋಡುವುದಿಲ್ಲ, ನೋಡಿದರೆ ಮುಗಿಯಿತು. ಅವಳು ನೋಡಲಿಲ್ಲ. ಒದ್ದೆ ಬಟ್ಟೆ ಗಾಳಿಗೆ ಬಡಿಯುವ ಪಟಪಟ ಎಡಗಿವಿಯಲ್ಲಿ ಕೇಳಿಸಿತು. ಅವಳು ಉಟ್ಟದ್ದು ಚರ್ಮ.

ತಿರುವು ಬಂತು. ಮಂಜಿನ ತೆರಪಿನಲ್ಲಿ ಅವ್ವ ಕಂಡಳು, ರಸ್ತೆಯಂಚಿನಲ್ಲಿ, ಎದೆಯೆದುರು ಕೈ ಜೋಡಿಸಿಕೊಂಡು. ಮೇಘಾ ವೇಗ ತಗ್ಗಿಸಲು ಕೈಗವಸಿನ ಅಂಗೈಯನ್ನು ನೆಲಕ್ಕೆ ಊರಿ ಹಲಗೆಯನ್ನು ಅಡ್ಡಕ್ಕೆ ತಿರುಗಿಸಿದಳು. ಮುಂದಿನ ಚಕ್ರಕ್ಕೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಹಿಂದಿನ ಸಂಜೆ ಯಾರೋ ರಸ್ತೆಯ ಮೇಲೆ ಒಡೆದು ಹೋದ ತೆಂಗಿನಕಾಯಿಯ ಚಿಪ್ಪಿನ ಚೂರು. ಹಲಗೆ ಅಲ್ಲೇ ನಿಂತಿತು, ಅವಳು ನಿಲ್ಲಲಿಲ್ಲ.

ಆಕಾಶ, ಡಾಂಬರು, ಹಸಿರು, ಡಾಂಬರು. ತೋಳಿನ ಚರ್ಮದ ಉಡುಪು ಹರಿಯುವ ಸದ್ದು. ಕೊನೆಗೆ ಬೆನ್ನ ಮೇಲೆ ಅಲ್ಲಾಡದೆ ಬಿದ್ದಿರುವಾಗ, ಹೆಲ್ಮೆಟ್ಟಿನೊಳಗೆ ಅವಳದೇ ಉಸಿರು; ಬೆನ್ನ ಹಿಂದಿನ ಕಬ್ಬಿಣದ ಸದ್ದು ಎಲ್ಲೋ ಮೇಲೆಯೇ ನಿಂತುಹೋಗಿತ್ತು. ಮೊಣಕೈಯಿಂದ ಬಿಸಿಯಾದದ್ದು ಹರಿದು ರಸ್ತೆಯ ತಣ್ಣನೆಯ ನೀರಿಗೆ ಸೇರಿ, ಎಳೆ ಎಳೆಯಾಗಿ ಇಳಿಜಾರಿನ ಕಡೆಗೆ ಹೋಗುತ್ತಿತ್ತು.

"ಕತ್ತೆ! ಕಣ್ ಕಾಣಕಿಲ್ವಾ ನಿಂಗೆ!"

ಹುಲಿಯಮ್ಮ ರಸ್ತೆಯ ನಡುವೆ ಓಡಿ ಬರುತ್ತಿದ್ದಳು. ಸೆರಗು ಜಾರಿತ್ತು, ಬರಿಗಾಲು ನೀರಿನಲ್ಲಿ ತಡವರಿಸುತ್ತಿತ್ತು. ಬಂದವಳೇ ಮಂಡಿಯೂರಿ, ರಕ್ತ ಸುರಿಯುತ್ತಿದ್ದ ಮೊಣಕೈಯನ್ನು ಎರಡೂ ಕೈಗಳಿಂದ ಅಮುಕಿ ಹಿಡಿದಳು. ಹಿಡಿದ ಮೇಲೆ ಒಂದು ಗಳಿಗೆ ತನ್ನ ಕೈಗಳನ್ನೇ ನೋಡಿದಳು. ಬೆರಳ ಸಂದಿಯಿಂದ ಕೆಂಪು ಒಸರುತ್ತಿತ್ತು.

"ಬಿಸಿ ಐತೆ," ಎಂದಳು.

"ಅವ್ವಾ, ಬಿಡು, ಏನೂ ಆಗಿಲ್ಲ."

"ಸುಮ್ಕಿರು, ಮುಚ್ಚು ಬಾಯಿ! ಮೂಳೆ ಮುರ್ಕಂಡಿದ್ರೆ ಯಾರು ನೋಡ್ಕತಿದ್ರು ನಿನ್ನ? ಅಲ್ಲಾಡಬೇಡ ಅಂದ್ನಲ್ಲ. ಇಷ್ಟು ಉದ್ದ ಬೆಳೆದವ್ಳೆ, ಬುದ್ಧಿ ಎಲ್ಲಿ ಐತೆ?"

ಆಗ ಅದು ಮತ್ತೆ ಬಂತು. ಮೇಲಿನಿಂದ, ತಿರುವಿನ ಒಳಬದಿಯಿಂದ, ಕಬ್ಬಿಣದ ಆ ಕಿರುಚು ಹತ್ತಿರವಾಗಿ, ಇಬ್ಬರ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ತಣ್ಣನೆಯ ಗಾಳಿಯೊಂದನ್ನು ಎಳೆದುಕೊಂಡು ದಾಟಿತು. ಮೇಘಾ ಕಣ್ಣು ಮುಚ್ಚಿದಳು. ತಿರುವಿನ ಕೆಳಗೆ ಇಂಜಿನ್ ಆರಿಸಿ ನಿಂತಿದ್ದ ಬಸ್ಸಿನೊಳಗೆ ಯಾರೋ "ಅಮ್ಮಾ" ಎಂದು ಕೂಗಿದರು. ಸದ್ದು ಕೆಳಗೆ, ಇನ್ನೂ ಕೆಳಗೆ, ಕಣಿವೆಯ ಕಡೆಗೆ ಇಳಿಯುತ್ತ ಹೋಯಿತು.

ಹುಲಿಯಮ್ಮ ತಲೆಯೆತ್ತಲಿಲ್ಲ.

"ಉರೀತೈತಾ ಮಗ?" ಎಂದಳು. ಒಂದು ಕೈಯಿಂದ ಮೊಣಕೈ ಹಿಡಿದು, ಇನ್ನೊಂದರಿಂದ ಹರಿದ ಚರ್ಮದ ತೋಳನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ತುಟಿಗಳನ್ನು ಮುಂದೆ ಮಾಡಿ ಗಾಯದ ಮೇಲೆ ಊದತೊಡಗಿದಳು. ಅವಳ ಉಸಿರು ತಗುಲಿದಷ್ಟು ಜಾಗದಲ್ಲಿ ಮಂಜು ಸರಿಯುತ್ತಿತ್ತು, ಕೂಡಿಕೊಳ್ಳುತ್ತಿತ್ತು, ಮತ್ತೆ ಸರಿಯುತ್ತಿತ್ತು.